ನಗರಸಭೆಗಳೂ ನಾಡಿನ ಹಾದಿಗಳೂ

ನಮ್ಮ ಊರುಗಳ ಮುನಿಸಿಪಾಲಿಟಿಗಳ ಸಭೆಗಳು ಹೇಗೆ ಸಾಗುತ್ತವೆಂಬುದನ್ನು ವಾಚಕರಿಗೆ ಹೊಸದಾಗಿ ಹೇಳತಕ್ಕದ್ದಿಲ್ಲ. ಸಭೆಯು ಕೂಡುತ್ತದೆ, ನಳದ ನೀರು, ಗಟಾರು, ಬೀದಿಯ ದೀಪ, ಕಸದ ಗಾಡಿ, ಸಂತೆಯ ಕಟ್ಟೆ, ಇವುಗಳ ಬಗ್ಗೆ ವಾದವು ನಡೆಯುತ್ತದೆ, ಮೇಂಬರರು ತಮ್ಮ ತಮ್ಮ ವಾರ್ಡುಗಳ ಗೋಳನ್ನು ಎತ್ತಿ ಆಡುತ್ತಾರೆ, ಹೊತ್ತು ಮುಳುಗುವದರೊಳಗೆ ಸಭೆಯು ಮುಗಿಯುತ್ತದೆ. ಇವು ಅಲ್ಪವಾದ ವಿಷಯಗಳೆಂದು ನಾವು ಎಂದೂ ಹೇಳುವದಿಲ್ಲ. ನಾಲ್ಕು ದಿನಕ್ಕೊಮ್ಮೆ ನೀರು ಕಾಣುವ ಓಣಿಯ ಹೆಣ್ಣುಮಕ್ಕಳಿಗೆ ಅದಕ್ಕಿಂತ ದೊಡ್ಡ ರಾಜಕಾರಣವು ಇನ್ನೊಂದಿಲ್ಲ. ಆದರೆ ಇನ್ನು ಇಪ್ಪತ್ತು ವರ್ಷಗಳ ಮೇಲೆ ಆ ಓಣಿಯ ಮಕ್ಕಳು ಯಾವ ಹಾದಿಯಿಂದ ಶಾಲೆಗೆ ಹೋಗುವರು, ಅವರ ತಂದೆ ನೆಯ್ದ ಸೀರೆಯು ಯಾವ ಗಾಡಿಯಲ್ಲಿ ಪೇಟೆಯನ್ನು ಸೇರುವದು, ಬೇನೆ ಬಿದ್ದವರನ್ನು ಯಾವ ಸಡಕಿನಿಂದ ದವಾಖಾನೆಗೆ ಒಯ್ಯುವರು ಎಂಬ ಪ್ರಶ್ನೆಯನ್ನು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಈ ನಾಲ್ಕು ಊರುಗಳ ಸಭೆಗಳು ತಮ್ಮ ಸ್ವಂತದ ಪ್ರಶ್ನೆಯೆಂದು ಎತ್ತಿಕೊಂಡು ಕೊನೆ ಮುಟ್ಟಿಸಬೇಕಾದುದು ಅಗತ್ಯವಾಗಿದೆ. ಈ ವಾರ ನಾವು ಈ ಒಂದೇ ವಿಷಯವನ್ನು ವಾಚಕರ ಮುಂದೆ ಇಡುತ್ತೇವೆ.

ಹಾದಿಯ ವಿಚಾರವು ತಮ್ಮದಲ್ಲವೆಂದು ಸುಮ್ಮನಿದ್ದ ಊರಿನ ಗತಿಯು ಏನಾಗುವದೆಂಬುದಕ್ಕೆ ದೂರದ ದೃಷ್ಟಾಂತವನ್ನು ಹುಡುಕುವ ಕಾರಣವಿಲ್ಲ. ಬಾಗಲಕೋಟೆಯಿಂದ ಲೋಕಾಪುರದ ಕಡೆಗೆ ಹೊರಟವರು ದಾಟುವ ಕಲಾದಗಿಯನ್ನು ನೋಡಿದರೆ ಸಾಕು. ಈಗ ವಿಜಯಪುರ, ಬಾಗಲಕೋಟೆಗಳೆಂದು ಎರಡಾಗಿರುವ ಜಿಲ್ಲೆಯು ಒಂದು ಕಾಲಕ್ಕೆ ಕಲಾದಗಿ ಜಿಲ್ಲೆಯೆಂದೇ ಹೆಸರಾಗಿತ್ತು. ಕಲೆಕ್ಟರರ ಕಚೇರಿಯೂ ದಂಡಿನ ಬೀಡೂ ಅಲ್ಲಿಯೇ ಇದ್ದವು. 1876ರಿಂದ 1878ರ ವರೆಗಿನ ಘೋರವಾದ ಬರಗಾಲವು ಈ ಸೀಮೆಯ ಬೆನ್ನು ಮುರಿದ ತರುವಾಯ, ಕಾಳು ಕಡಿ ಬೇಗನೆ ತಲುಪುವಂತಾಗಬೇಕೆಂದು ಸದರ್ನ್ ಮರಾಠಾ ರೇಲ್ವೆಯವರು ಹೋಟಗಿಯಿಂದ ಗದಗಿನ ವರೆಗೆ ಮೀಟರ್ ಗೇಜಿನ ಹಾದಿಯನ್ನು ಹಾಕಿದರು. 1880ರ ದಶಕದ ನಡುವಿನಲ್ಲಿ ತೆರೆದ ಆ ಹಾದಿಯು ವಿಜಾಪುರ, ಬಾಗಲಕೋಟೆ, ಬಾದಾಮಿಗಳನ್ನು ಮುಟ್ಟಿತು, ಕಲಾದಗಿಯನ್ನು ಮುಟ್ಟಲಿಲ್ಲ. 1885ರಲ್ಲಿ ಜಿಲ್ಲೆಯ ಕಚೇರಿಗಳು ವಿಜಾಪುರಕ್ಕೆ ಹೋದವು. ಆ ಮೇಲೆ ಕಲಾದಗಿಗೆ ಉಳಿದದ್ದು ಹಣ್ಣಿನ ತೋಟಗಳೂ ಹಳೆಯ ಗೋರಿಗಳೂ ಮಾತ್ರ. 2010-11ರಲ್ಲಿ ಮಂಜೂರಾದ ಬಾಗಲಕೋಟೆ-ಕುಡಚಿ ಹೊಸ ಹಾದಿಯು, ಸುಮಾರು 142 ಕಿಲೋಮೀಟರಿನ ತನ್ನ ಪ್ರಯಾಣದಲ್ಲಿ, ಕಲಾದಗಿಯ ಹತ್ತಿರದ ಖಜ್ಜಿಡೋಣಿಯನ್ನು ಮುಟ್ಟುವ ಹೊತ್ತಿಗೆ ನೂರಾ ಮೂವತ್ತು ವರ್ಷಗಳು ಸಂದುಹೋಗಿದ್ದವು. ಒಂದು ಸಲ ತಪ್ಪಿದ ಹಾದಿಯು ತಿರುಗಿ ಊರಿಗೆ ಬರಲಿಕ್ಕೆ ಹಿಡಿಯುವ ಕಾಲವಿದು!

ಅದೇ ಹಾದಿಯು ನಮ್ಮ ನಾಲ್ಕು ಊರುಗಳನ್ನು ಎರಡು ಪಂಕ್ತಿಯಾಗಿ ಮಾಡಿತು. ಬಾಗಲಕೋಟೆ, ಬಾದಾಮಿಗಳು ಉಗಿಬಂಡಿಯ ಸೀಟಿಯನ್ನು ಕೇಳಿದ ಊರುಗಳಾದವು. ಹುನಗುಂದ, ಇಳಕಲ್ಲಗಳು ಚಕ್ಕಡಿಯನ್ನೂ ಆ ಮೇಲೆ ಮೋಟಾರನ್ನೂ ನಂಬಿದವು. ಇಳಕಲ್ಲು ಸಣ್ಣ ಊರೇನೂ ಅಲ್ಲ. 2011ರ ಖಾನೇಸುಮಾರಿಯಲ್ಲಿ ಬಾಗಲಕೋಟೆಗೆ ಸುಮಾರು 1 ಲಕ್ಷ 12 ಸಾವಿರ, ಇಳಕಲ್ಲಿಗೆ ಸುಮಾರು 60 ಸಾವಿರ, ಬಾದಾಮಿಗೆ ಸುಮಾರು 31 ಸಾವಿರ ಜನರ ಲೆಕ್ಕವು ಬಂದಿತು. ಅಂದರೆ ರೇಲ್ವೆಯುಳ್ಳ ಬಾದಾಮಿಗಿಂತ ರೇಲ್ವೆಯಿಲ್ಲದ ಇಳಕಲ್ಲು ಹೆಚ್ಚುಕಡಿಮೆ ಇಮ್ಮಡಿ ದೊಡ್ಡದು. ಟೋಪಿ ತೆನಿಯ ಸೆರಗನ್ನು ಕೊಂಡಿ ಹಾಕಿ ಒಡಲಿಗೆ ಕೂಡಿಸುವ ಅದರ ಸೀರೆಯನ್ನು ಉಡದ ಮನೆತನವು ಈ ಸೀಮೆಯಲ್ಲಿ ವಿರಳ. ಅದರ ಕೆಂಪು ಗ್ರ್ಯಾನೈಟ್ ಕಲ್ಲು ಕಡಲು ದಾಟಿ ಹೋಗುತ್ತದೆ. ಇಷ್ಟು ದುಡಿಯುವ ಊರು ಒಂದೂವರೆ ಶತಮಾನದ ಹತ್ತಿರ ಹತ್ತಿರ ಕಾಲ ಕೇವಲ ಡಾಂಬರಿನ ಮೇಲೆ ಬದುಕಿತು.

ಇಳಕಲ್ಲಿನ ಕಷ್ಟಕ್ಕೆ ಮತ್ತೊಂದು ಕಾರಣವುಂಟು. ಅದನ್ನು ನೆನೆಯದೆ ಮುಂದೆ ಹೋಗುವದು ಸರಿಯಲ್ಲ. ಇಳಕಲ್ಲು ಮುಂಬಯಿ ಇಲಾಖೆಯ ಕಟ್ಟಕಡೆಯ ಪೇಟೆಯಾಗಿತ್ತು. ಅಲ್ಲಿಂದ ಕೆಲವೇ ಹರದಾರಿಗಳ ಆಚೆಗಿನ ಕುಷ್ಟಗಿಯು ನಿಜಾಮರ ಸೀಮೆ. ನಮ್ಮ ಹಿರಿಯರ ಬಾಯಲ್ಲಿ ಅದು ‘ಮೊಗಲಾಯಿ’. ಎರಡೂ ಕಡೆಗೆ ಮಾತು ಒಂದೇ, ರೊಟ್ಟಿ ಒಂದೇ, ಬೀಗತನ ಒಂದೇ. ಆದರೆ ಸಡಕು ಒಂದಾಗಿರಲಿಲ್ಲ. ಮುಂಬಯಿಯವರು ತಮ್ಮ ಗಡಿಯ ವರೆಗೆ ಕಲ್ಲು ಹಾಸಿ ಕೈ ತೊಳೆದುಕೊಳ್ಳುತ್ತಿದ್ದರು. ಹೈದರಾಬಾದಿನವರಿಗೆ ತಮ್ಮ ಅಂಚಿನ ತಾಲೂಕಿನ ಹಾದಿಯು ಎಣಿಕೆಗೇ ಇರಲಿಲ್ಲ. ಪಶ್ಚಿಮಕ್ಕೆ ಜಮಖಂಡಿ, ಮುಧೋಳದ ಸಂಸ್ಥಾನಗಳು ಬೇರೆ. ಕನ್ನಡನಾಡು ಒಂದಾಗಬೇಕೆಂದು ಹೋರಾಡಿದವರು ಸಾಹಿತ್ಯದ ಅಭಿಮಾನದಿಂದ ಮಾತ್ರ ಹೋರಾಡಿದರೆಂದು ಈಗಿನ ತರುಣರು ತಿಳಿಯುವದುಂಟು. ಅದು ಅರ್ಧ ಸತ್ಯ. ಹರಿದುಹೋದ ನಾಡಿನ ಹಾದಿಗಳೂ ಹರಿದುಹೋಗಿರುತ್ತವೆಂಬ ವ್ಯವಹಾರದ ಮಾತೂ ಆ ಬೇಡಿಕೆಯ ಹೊಟ್ಟೆಯಲ್ಲಿ ಇತ್ತು.

1956ರ ನವೆಂಬರ 1ರಂದು ಆ ಗಡಿಯು ಅಳಿಯಿತು. ಕಾಗದದ ಮೇಲೆ ಅಳಿಯಿತೆನ್ನಬೇಕು. ಯಾಕೆಂದರೆ ಇಂದಿಗೂ ಬಾಗಲಕೋಟೆ ಜಿಲ್ಲೆಯ ಬಸ್ಸುಗಳು ಹುಬ್ಬಳ್ಳಿಯಲ್ಲಿ ಕೇಂದ್ರವುಳ್ಳ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಗೆ ಸೇರಿದವುಗಳು. ಕುಷ್ಟಗಿಯ ಬಸ್ಸುಗಳು ಕಲಬುರ್ಗಿಯಲ್ಲಿ ಕೇಂದ್ರವುಳ್ಳ ಕಲ್ಯಾಣ ಕರ್ನಾಟಕ ಸಂಸ್ಥೆಗೆ ಸೇರಿದವುಗಳು. ತಾಯಿಜಿಲ್ಲೆಯಾದ ವಿಜಯಪುರವೂ ಆ ಎರಡನೆಯ ಸಂಸ್ಥೆಯಲ್ಲಿಯೇ ಇದೆ. ಹೀಗಾಗಿ ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ನಿಂತವನಿಗೆ ಉತ್ತರಕ್ಕೂ ದಕ್ಷಿಣಕ್ಕೂ ಬೇರೆ ಮನೆತನದವರ ಸೀಮೆ. ವೇಳಾಪತ್ರಿಕೆಯನ್ನು ಎರಡು ಕಡೆಯವರು ಕೂಡಿ ಕುಳಿತು ಮಾಡದ ಹೊರತು, ಒಂದು ಬಸ್ಸು ಬರುವದಕ್ಕೂ ಇನ್ನೊಂದು ಹೊರಡುವದಕ್ಕೂ ತಾಳೆಯಾಗುವದಿಲ್ಲ. ಸಂಸ್ಥೆಗಳನ್ನು ಒಡೆದದ್ದು ಆಡಳಿತದ ಸೌಕರ್ಯಕ್ಕಾಗಿ ಎಂಬುದನ್ನು ನಾವು ಬಲ್ಲೆವು. ಆದರೆ ಗೆರೆಯನ್ನು ಮಾತ್ರ ಹಳೆಯ ಚೌಕಿಯ ಗುರುತನ್ನು ನೋಡಿಯೇ ಎಳೆದಂತೆ ತೋರುತ್ತದೆ.

ಇನ್ನು ಅಧಿಕಾರದ ಮಾತು. ಮುನಿಸಿಪಾಲಿಟಿಯವರನ್ನು ಕೇಳಿದರೆ ಅವರು ಹೇಳುವ ಉತ್ತರವು ಗೊತ್ತೇ ಇದೆ: ಬಸ್ಸು ನಮ್ಮದಲ್ಲ, ರೇಲ್ವೆ ನಮ್ಮದಲ್ಲ, ರಾಷ್ಟ್ರೀಯ ಹೆದ್ದಾರಿಯು ದಿಲ್ಲಿಯವರದು, ರಾಜ್ಯದ ಹೆದ್ದಾರಿಯು ಲೋಕೋಪಯೋಗಿ ಇಲಾಖೆಯದು; ನಮಗುಳಿದದ್ದು ಓಣಿಯ ಫರಸಿಕಲ್ಲು. ಈ ಉತ್ತರದಲ್ಲಿ ನಿಜಾಂಶವುಂಟು, ಆದರೆ ಪೂರ್ತಿಯಾದ ನಿಜವಿಲ್ಲ. 1993ರಲ್ಲಿ ಜಾರಿಗೆ ಬಂದ ರಾಜ್ಯಘಟನೆಯ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ನಗರಯೋಜನೆಯನ್ನು ಮೊಟ್ಟಮೊದಲಿನ ಬಾಬಾಗಿಯೂ ರಸ್ತೆ-ಸೇತುವೆಗಳನ್ನು ನಾಲ್ಕನೆಯ ಬಾಬಾಗಿಯೂ ಬರೆದಿದೆ. ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು 1961ರಷ್ಟು ಹಳೆಯದು. ಊರಿನ ಮಹಾಯೋಜನೆಯಲ್ಲಿ ದೊಡ್ಡ ಬೀದಿ, ಸಣ್ಣ ಬೀದಿ, ಹೆದ್ದಾರಿ ಮತ್ತು ವಾಹನ ಸಂಚಾರದ ಕ್ರಮವನ್ನು ಇಂದಿನ ಹಾಗೂ ಮುಂದಿನ ಅವಶ್ಯಕತೆಗಾಗಿ ತೋರಿಸಬೇಕೆಂದೂ, ಅದನ್ನು ಹತ್ತು ವರ್ಷಕ್ಕೊಮ್ಮೆಯಾದರೂ ತಿದ್ದಬೇಕೆಂದೂ ಅದು ವಿಧಿಸುತ್ತದೆ. ನಕ್ಷೆಯನ್ನು ಪ್ರಕಟಿಸಿದಾಗ ಆಕ್ಷೇಪಣೆಗಳನ್ನು ಕೇಳುವ ಕಾಲವೊಂದಿರುತ್ತದೆ. ಆ ಕಾಲದಲ್ಲಿ ಜಮೀನಿನ ದಲಾಲರು ಕಚೇರಿಗೆ ತಪ್ಪದೆ ಹೋಗುತ್ತಾರೆ. ಊರಿನ ಹಿತವನ್ನು ಬಲ್ಲ ಗೃಹಸ್ಥರು ಮನೆಯಲ್ಲಿರುತ್ತಾರೆ. ಅಧಿಕಾರವು ಇಲ್ಲವೆಂಬುದು ಎಷ್ಟು ನಿಜವೋ, ಇದ್ದ ಅಧಿಕಾರವನ್ನು ನಡೆಸುವವರು ಇಲ್ಲವೆಂಬುದೂ ಅಷ್ಟೇ ನಿಜ. ನಮ್ಮ ರಾಜ್ಯದ ಅನೇಕ ನಗರಸಭೆ ಪುರಸಭೆಗಳಲ್ಲಿ 2018ರ ಚುನಾವಣೆಯು ಮುಗಿದ ತರುವಾಯವೂ, ಅಧ್ಯಕ್ಷಸ್ಥಾನದ ಮೀಸಲಾತಿಯ ವ್ಯಾಜ್ಯದಿಂದ, 2020ರ ವರೆಗೆ ಗೆದ್ದ ಮೇಂಬರರು ಸಭೆಯಲ್ಲಿ ಕೂಡಲಾರದೆ ಹೋದದ್ದನ್ನು ವಾಚಕರು ಮರೆತಿರಲಿಕ್ಕಿಲ್ಲ.

ಬಾಗಲಕೋಟೆಯ ಸ್ಥಿತಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಹಿಂದೂಸ್ಥಾನದಲ್ಲಿಯೇ ಇಂಥ ಊರುಗಳು ಕೆಲವು ಮಾತ್ರ. 1964ರ ಮೇ 22ರಂದು ಲಾಲಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಕೃಷ್ಣೆಯ ಒಡ್ಡು ಏರಿದಂತೆ ಘಟಪ್ರಭೆಯ ನೀರು ಹಿಂದೆ ಸರಿದು ಬಾಗಲಕೋಟೆಯ ಪೇಟೆಯನ್ನೇ ಹೊಗುವದೆಂದು ಗೊತ್ತಾಗಿ, 1983ರ ಕಾಯಿದೆಯ ಮೇರೆಗೆ ಪಟ್ಟಣಾಭಿವೃದ್ಧಿ ಪ್ರಾಧಿಕಾರವು ಹುಟ್ಟಿತು; ಮೇಲುಗಡೆಯ ನೆಲದಲ್ಲಿ ಸೆಕ್ಟರುಗಳಾಗಿ ನವನಗರವು ಎದ್ದಿತು. 2000ದ ಏಪ್ರಿಲಿನಲ್ಲಿ ಸುಪ್ರೀಮ ಕೋರ್ಟು ಒಡ್ಡಿನ ನೀರಿಗೆ 519.6 ಮೀಟರಿನ ಮಟ್ಟವನ್ನು ಒಪ್ಪಿತು; 2010ರಲ್ಲಿ ಕೃಷ್ಣಾ ನ್ಯಾಯಾಧಿಕರಣವು 524.256 ಮೀಟರಿಗೆ ಒಪ್ಪಿಗೆಯಿತ್ತಿತು. ಪ್ರತಿಯೊಂದು ಮೀಟರು ಏರಿದಾಗಲೂ ಒಂದಿಷ್ಟು ಮನೆಗಳಿಗೆ, ಅಂಗಡಿಗಳಿಗೆ, ಗುಡಿಗಳಿಗೆ ಎಲ್ಲಿಗೋ ಹೋಗತಕ್ಕದ್ದಾಗುತ್ತದೆ. ನಾಡಿನ ಹೊಲಗಳಿಗೆ ನೀರುಣಿಸಲಿಕ್ಕೆ ತನ್ನ ಊರನ್ನೇ ಕೊಟ್ಟ ಪಟ್ಟಣವಿದು.

ಈ ಕಾರಣದಿಂದ ಬಾಗಲಕೋಟೆಯು ಈಗ ಒಂದು ಊರಲ್ಲ, ಮೂರು ಊರು. ಕೆಳಗೆ ಹಳೆಯ ಪೇಟೆ, ಅಡತಿ ಅಂಗಡಿ, ಜವಳಿ. ನಡುವೆ ವಿದ್ಯಾಗಿರಿ, ಅಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳು. ಮೇಲೆ ನವನಗರ, ಅಲ್ಲಿ ಜಿಲ್ಲಾ ಕಚೇರಿಗಳು. ಹಳೆಯ ಬಾಗಲಕೋಟೆಯಲ್ಲಿ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಕಚೇರಿಗೆ ಕಾಲ್ನಡಿಗೆಯಲ್ಲಿ ಹೋಗಿ ಬರುತ್ತಿದ್ದ ಮನುಷ್ಯನು ಈಗ ದಿನಕ್ಕೆರಡು ಸಲ ಗಾಡಿ ಹತ್ತಬೇಕು. ಸ್ವಂತದ ಮೋಟಾರುಸೈಕಲ್ ಇದ್ದವನಿಗೆ ಇದು ಕಾಲು ತಾಸಿನ ಮಾತು. ಇಲ್ಲದ ಕೂಲಿಕಾರಳಿಗೆ, ಪೆನ್ಶನ್ನಿನ ಕಾಗದ ಹಿಡಿದು ಹೊರಟ ಮುದುಕನಿಗೆ, ಅದು ಅರ್ಧ ದಿವಸದ ಕೆಲಸ. ಅಗಲವಾದ ಬೀದಿಗಳುಳ್ಳ ನವನಗರವನ್ನು ಎಂಜಿನಿಯರರು ಚೊಕ್ಕವಾಗಿಯೇ ರೇಖಿಸಿದರು. ಆದರೆ ಅವರು ಮನೆಗಳನ್ನು ಒಯ್ದಷ್ಟು ಸುಲಭವಾಗಿ ನೆರೆಹೊರೆಯನ್ನು ಒಯ್ಯಲಾರದೆ ಹೋದರು. ಮುಳುಗಡೆಯ ಪರಿಹಾರವನ್ನು ಮನೆಯ ಗೋಡೆ, ಬಾಗಿಲು, ತೊಲೆಗಳ ಮೇಲೆ ಲೆಕ್ಕ ಹಾಕಿದರು. ಹತ್ತಿರವಿದ್ದುದು ದೂರವಾದ ಹಾನಿಗೆ ಯಾರೂ ಬೆಲೆ ಕಟ್ಟಲಿಲ್ಲ. ಆ ಸಾಲವು ಇನ್ನೂ ಸರಕಾರದ ಮೇಲೆ ಉಳಿದಿದೆಯೆಂದೂ, ಮೂರು ಭಾಗಗಳ ನಡುವೆ ಬೆಳಗಿನಿಂದ ರಾತ್ರಿಯ ವರೆಗೆ ತಪ್ಪದೆ ಓಡುವ ಅಗ್ಗದ ಬಸ್ಸುಗಳೇ ಅದರ ಬಡ್ಡಿಯೆಂದೂ ನಾವು ಭಾವಿಸುತ್ತೇವೆ. ಇನ್ನೂ ಮುಳುಗಡೆಯಾಗುವವರಿಗಾಗಿ ಹೊಸ ಬಡಾವಣೆಗಳನ್ನು ಮಾಡುವಾಗ ಸೈಟಿನ ಹಕ್ಕುಪತ್ರಕ್ಕಿಂತ ಮೊದಲು ಬಸ್ಸಿನ ಹಾದಿಯು ನಿಶ್ಚಯವಾಗಬೇಕು.

ಬಾದಾಮಿಯ ತೊಡಕು ಇನ್ನೊಂದು ತರದ್ದು. ಇಲ್ಲಿ ಸ್ಟೇಶನ್ ಇದೆ. ಆದರೆ ಊರಿನಿಂದ ಮೂರು ಮೈಲಿ ದೂರಕ್ಕಿದೆ. ಹಳೆಯ ಟಾಂಗಾದವರು ತಮ್ಮ ಕುದುರೆಗಳಿಂದ ನಡೆಸಿದ ಕೆಲಸವನ್ನು ಈಗ ಆಟೋರಿಕ್ಷಾದವರು ನಡೆಸುತ್ತಾರೆ. 578ರಲ್ಲಿ ಮಂಗಲೇಶನು ಶಾಸನ ಬರೆಯಿಸಿದ ಮೂರನೆಯ ಗುಹೆಯನ್ನು ನೋಡಲಿಕ್ಕೆ ದೇಶಾಂತರದಿಂದ ಬಂದ ಜನರೂ, 1987ರಲ್ಲಿ ಜಾಗತಿಕ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿಗೆ ಹೋಗುವವರೂ, ಬನಶಂಕರಿಗೆ ಹರಕೆ ಹೊತ್ತವರೂ ಒಂದೇ ಇಕ್ಕಟ್ಟಾದ ಬೀದಿಯನ್ನು ನಂಬಿದ್ದಾರೆ. ಪುಷ್ಯ ಮಾಸದ ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಆ ಬೀದಿಯಲ್ಲಿ ನಿಂತವರಿಗೆ ವಿವರಣೆಯು ಬೇಡ. ಬೀದಿಯನ್ನು ಅಗಲಿಸೋಣವೆಂದರೆ ಪುರಾತತ್ವದ ಕಾಯಿದೆಯು ಅಡ್ಡ ಬರುತ್ತದೆ: 2010ರ ತಿದ್ದುಪಡಿಯ ಮೇರೆಗೆ ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರಿಗೆ ನಿರ್ಬಂಧ. ಈ ಕಾಯಿದೆಯನ್ನು ಶಪಿಸುವವರು ಬಾದಾಮಿಯಲ್ಲಿ ಬಹಳ ಮಂದಿ. ನಮಗೆ ಹಾಗೆ ತೋರುವದಿಲ್ಲ. ಬಂಡೆಯನ್ನು ಸರಿಸಲಿಕ್ಕಾಗದು, ಮೋಟಾರನ್ನು ಸರಿಸಬಹುದು. ದೊಡ್ಡ ಬಸ್ಸುಗಳನ್ನೂ ಕಾರುಗಳನ್ನೂ ಊರ ಹೊರಗೆ ನಿಲ್ಲಿಸಿ, ಅಲ್ಲಿಂದ ಗುಹೆಗಳಿಗೂ ಸ್ಟೇಶನ್ನಿಗೂ ಬನಶಂಕರಿಗೂ ಸಣ್ಣ ಬಸ್ಸುಗಳನ್ನು ಓಡಿಸಿದರೆ ಅಂಗಡಿಯವರಿಗೆ ನಷ್ಟವೇನೂ ಇಲ್ಲ. ನಡೆದು ಬರುವ ಗಿರಾಕಿಯು ಕಾರಿನಲ್ಲಿ ದಾಟಿಹೋಗುವವನಿಗಿಂತ ಹೆಚ್ಚು ಕೊಳ್ಳುತ್ತಾನೆ. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆಯು ತುಂಬಿ ಹಳ್ಳಿಗಳನ್ನು ಸುತ್ತಿದಾಗ, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ಬಂದಾಗ, ಈ ತಾಲೂಕಿನ ತಗ್ಗು ಸೇತುವೆಗಳ ಬಲವೆಷ್ಟೆಂಬುದೂ ಗೊತ್ತಾಯಿತು. ಆ ಸೇತುವೆಗಳ ಎತ್ತರವನ್ನು ಬಾದಾಮಿಯ ಯೋಜನೆಯಲ್ಲಿ ಬರೆಯದಿದ್ದರೆ ಯೋಜನೆಯು ಬೇಸಿಗೆಗೆ ಮಾತ್ರ ಉಪಯೋಗವಾದೀತು.

ಹುನಗುಂದದ ವಿಷಯಕ್ಕೆ ಹೆಚ್ಚು ಬರೆಯಬೇಕಾದುದಿಲ್ಲ. ಸೋಲಾಪುರದಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯೂ (ಹಿಂದಿನ ಸಂಖ್ಯೆ 13, ಈಗಿನ ಸಂಖ್ಯೆ 50) ರಾಯಚೂರಿನಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯೂ ಕೂಡುವ ಸ್ಥಳವದು. ಕೂಡಲಸಂಗಮಕ್ಕೂ ಐಹೊಳೆಗೂ ಬಾಗಿಲಾದ ತಾಲೂಕು. ಇಷ್ಟು ಒಳ್ಳೆಯ ಕೂಟವು ಸಿಕ್ಕ ಊರಿಗೆ ಅದರಿಂದ ಬಂದ ಲಾಭವು ಧೂಳೂ ಅಪಘಾತವೂ ಮಾತ್ರವಾಗಬಾರದು. ಹೆದ್ದಾರಿಯು ಅಗಲವಾದಷ್ಟೂ ಅದನ್ನು ದಾಟುವವನ ಭಯವು ಹೆಚ್ಚುತ್ತದೆ. ಶಾಲೆಯ ಮಕ್ಕಳೂ ದನಗಾಹಿಗಳೂ ದಾಟುವ ಸ್ಥಳಗಳಲ್ಲಿ ಕೆಳಹಾದಿಗಳನ್ನು ಕೇಳಿ ಪಡೆಯುವದು ಪುರಸಭೆಯ ಮೊದಲನೆಯ ಕೆಲಸವಾಗಬೇಕು.

ಇಳಕಲ್ಲಿಗೆ ಈಗ ಒಂದು ಸುಸಂಧಿಯು ಒದಗಿದೆ. ಗದಗ-ವಾಡಿ ಹೊಸ ರೇಲ್ವೆಯು 2013-14ರಲ್ಲಿ ಮಂಜೂರಾಗಿ, ತಳಕಲ್ಲಿನಿಂದ ಕುಷ್ಟಗಿಯ ವರೆಗಿನ ಭಾಗವು 2025ರ ಮೇ ತಿಂಗಳಲ್ಲಿ ತೆರೆಯಿತು. ಕುಷ್ಟಗಿಯಿಂದ ಹುಬ್ಬಳ್ಳಿಗೆ ಗಾಡಿಯು ಹೊರಟಿತು. ಒಂದು ಕಾಲದ ಮೊಗಲಾಯಿಯ ಕುಷ್ಟಗಿಗೆ ರೇಲ್ವೆಯು ಬಂದದ್ದು ನಮಗೆ ಸಂತೋಷದ ಸಂಗತಿ; ಅಸೂಯೆಯ ಸಂಗತಿಯಲ್ಲ. ಹುಬ್ಬಳ್ಳಿಯ ಕಡೆಗೆ ಹೋಗುವ ಇಳಕಲ್ಲಿನ ವ್ಯಾಪಾರಿಗೆ ಈಗ ಅತ್ಯಂತ ಹತ್ತಿರದ ಸ್ಟೇಶನ್ನು ಅದೇ. ಆಲಮಟ್ಟಿಯಿಂದ ಹುನಗುಂದ, ಇಳಕಲ್ಲ, ಕುಷ್ಟಗಿಗಳ ಮೇಲೆ ಕೊಪ್ಪಳಕ್ಕೆ ಹೊಸ ಹಾದಿಯಾಗಬೇಕೆಂಬ ಕೂಗು ಬಹುಕಾಲದಿಂದ ಇದೆ. ಅದು ಆಗಲಿ, ಆಗುವ ವರೆಗೆ ಕೂಗುತ್ತಲೇ ಇರಲಿ. ಆದರೆ ಕುಷ್ಟಗಿಗೆ ಬರುವ ಹೋಗುವ ಗಾಡಿಯ ವೇಳೆಗೆ ಸರಿಯಾಗಿ ಇಳಕಲ್ಲ-ಹುನಗುಂದಗಳಿಂದ ಬಸ್ಸು ಓಡಿಸಲಿಕ್ಕೆ ದಿಲ್ಲಿಯ ಮಂಜೂರಾತಿಯು ಬೇಡ. ಎರಡು ಬಸ್ ಸಂಸ್ಥೆಗಳ ಅಧಿಕಾರಿಗಳು ಒಂದು ಮಧ್ಯಾಹ್ನ ಒಂದು ಮೇಜಿನ ಸುತ್ತಲೂ ಕೂತರೆ ಸಾಕು. ಅವರನ್ನು ಕೂಡ್ರಿಸುವವರು ಬೇಕು. ಇಳಕಲ್ಲಿನ ನಗರಸಭೆಯು ಈ ಗೊತ್ತುವಳಿಯನ್ನು ಮಾಡಿ ಕುಷ್ಟಗಿಯ ಪುರಸಭೆಗೂ ಕಳಿಸಲಿ. ಮತ್ತೊಂದು: ಮುಂದೆ ರೇಲ್ವೆಯು ಬರಬಹುದಾದ ನೆಲದ ಪಟ್ಟಿಯನ್ನು ಮಹಾಯೋಜನೆಯ ನಕ್ಷೆಯಲ್ಲಿ ಈಗಲೇ ಕಾದಿರಿಸತಕ್ಕದ್ದು. ಕಲ್ಲಿನ ಪಾಲಿಶಿನ ಕಾರಖಾನೆಗಳೂ ಲೇಔಟುಗಳೂ ಆ ನೆಲವನ್ನು ನುಂಗಿದ ಮೇಲೆ ಬರುವ ರೇಲ್ವೆಯು ಊರಿನಿಂದ ಮೂರು ಮೈಲಿ ದೂರಕ್ಕೇ ನಿಲ್ಲುವದು. ಬಾದಾಮಿಯವರು ಇದರ ಸುಖವನ್ನು ಹೇಳಿಯಾರು. ಗ್ರ್ಯಾನೈಟಿನ ಭಾರದ ಲಾರಿಗಳಿಗೆ ಊರ ಹೊರಗಿನ ಹಾದಿಯೊಂದೇ ಗತಿಯೆಂದು ಗೊತ್ತುಮಾಡಿ, ನೇಕಾರರ ಓಣಿಗಳ ಸಡಕುಗಳನ್ನು ಅವುಗಳಿಂದ ಕಾಯಬೇಕಾದುದೂ ಇದೇ ಯೋಜನೆಯ ಭಾಗ.

ಹಣವೆಲ್ಲಿದೆಯೆಂಬ ಪ್ರಶ್ನೆಗೆ ನಮ್ಮ ಉತ್ತರವಿಷ್ಟೇ: ದೊಡ್ಡ ಹಣವು ಬೇಡುವ ಕೆಲಸಗಳಿಂದ ಆರಂಭಿಸಲೇಬಾರದು. ಹುಬ್ಬಳ್ಳಿ-ಧಾರವಾಡಗಳ ನಡುವೆ ಸುಮಾರು 22 ಕಿಲೋಮೀಟರಿಗೆ ಬಸ್ಸಿಗಾಗಿಯೇ ಬೇರೆ ಹಾದಿಯನ್ನು ಕಟ್ಟಿ ‘ಚಿಗರಿ’ಯನ್ನು ಓಡಿಸಿದರು. ತಂಪಾದ ಗಾಡಿಯು ವೇಗವಾಗಿ ಓಡಿದ್ದು ನಿಜ. ಹಾದಿಯ ಎರಡೂ ಮಗ್ಗುಲಿನವರ ದೂರುಗಳು ಬೆಳೆದದ್ದೂ ನಿಜ. ಒಂದು ಲಕ್ಷ ಚಿಲ್ಲರೆ ಜನರ ಬಾಗಲಕೋಟೆಗೆ ಅಂಥ ಆಡಂಬರವು ಬೇಕಿಲ್ಲ. ಹತ್ತು ನಿಮಿಷಕ್ಕೊಂದು ಸಾದಾ ಬಸ್ಸು, ನೆರಳಿರುವ ನಿಲ್ದಾಣ, ಒಡೆಯದ ಕಾಲುದಾರಿ, ರಾತ್ರಿಗೆ ದೀಪ, ಇಷ್ಟಾದರೆ ಜನರು ಹರಸುವರು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣವು ಬಿಟ್ಟಿಯಾದ ತರುವಾಯ ಬಸ್ಸುಗಳು ತುಂಬಿ ಹರಿದವು. ಇದನ್ನು ಹಾಸ್ಯ ಮಾಡುವವರು, ಅಷ್ಟು ಮಂದಿ ಹೆಣ್ಣುಮಕ್ಕಳು ಅಲ್ಲಿಯ ವರೆಗೆ ಹೋಗಬೇಕಾದ ಕಡೆಗೆ ಹೋಗಲಾರದೆ ಮನೆಯಲ್ಲಿಯೇ ಕುಳಿತಿದ್ದರೆಂಬುದನ್ನು ವಿಚಾರಿಸಲಿಲ್ಲ.

ನಾಲ್ಕು ಊರುಗಳು ಬೇರೆ ಬೇರೆಯಾಗಿ ಅರ್ಜಿ ಬರೆದರೆ ನಾಲ್ಕು ಕಡತಗಳು ಹುಟ್ಟುವವು. ರಾಜ್ಯಘಟನೆಯ 243-ಝಡ್‌ಡಿ ಕಲಮು ಜಿಲ್ಲೆಗೊಂದು ಯೋಜನಾ ಸಮಿತಿಯನ್ನು ವಿಧಿಸಿದೆ. ಅದರ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಸದಸ್ಯರು ಜಿಲ್ಲಾ ಪಂಚಾಯತಿ ಮತ್ತು ಪಟ್ಟಣ ಸಭೆಗಳಿಗೆ ಆರಿಸಿ ಬಂದವರಿಂದಲೇ ಆರಿಸಲ್ಪಟ್ಟವರಾಗಿರಬೇಕು. ಜಿಲ್ಲಾ ಪಂಚಾಯತಿಗಳ ಅವಧಿಯು 2021ರಲ್ಲಿ ಮುಗಿದ ಮೇಲೆ ಚುನಾವಣೆಯನ್ನು ವರ್ಷಗಟ್ಟಲೆ ಮುಂದಕ್ಕೆ ಹಾಕಿದ ಸರಕಾರಗಳು, ಪಕ್ಷ ಯಾವದೇ ಇರಲಿ, ಈ ಸಮಿತಿಯ ಜೀವವನ್ನೂ ಹಿಂಡಿದವು. ಅಧಿಕಾರಿಗಳು ಮಾಡಿದ ಯೋಜನೆಯು ಅಧಿಕಾರಿಯ ವರ್ಗವಾದೊಡನೆ ಬೀರುವಿಗೆ ಹೋಗುತ್ತದೆಂಬ ಅನುಭವವು ನಮ್ಮ ಜಿಲ್ಲೆಗೆ ಹೊಸದಲ್ಲ. ಆದುದರಿಂದ ನಾಲ್ಕೂ ಊರುಗಳ ಸಭೆಗಳು ಸಮಿತಿಯ ಹಾದಿ ನೋಡದೆ ತಾವಾಗಿ ವರ್ಷಕ್ಕೆರಡು ಸಲ ಕೂಡಲಿ: ಒಮ್ಮೆ ಬಾಗಲಕೋಟೆಯಲ್ಲಿ, ಒಮ್ಮೆ ಇಳಕಲ್ಲಿನಲ್ಲಿ, ಗುಳೇದಗುಡ್ಡದವರನ್ನೂ ಕುಷ್ಟಗಿಯವರನ್ನೂ ಕರೆಯಲಿ. ಹಾಗೆ ಕೂಡಬಾರದೆಂದು ಯಾವ ಕಾಯಿದೆಯಲ್ಲಿಯೂ ಬರೆದಿಲ್ಲ.

ನಮ್ಮ ವಾಚಕರಲ್ಲಿ ಬಹಳ ಮಂದಿ ಮಾಸ್ತರರು. ಅವರಿಗೆ ಒಂದು ಬಿನ್ನಹ. ಯೋಜನೆಗಳು ಈ ವರೆಗೆ 2011ರ ಲೆಕ್ಕದ ಮೇಲೆಯೇ ನಿಂತಿವೆ. ಅಂದು ಹುಟ್ಟಿದ ಕೂಸುಗಳು ಈಗ ಹೈಸ್ಕೂಲಿನಲ್ಲಿವೆ. ಏಳನೆಯ ಎಂಟನೆಯ ಇಯತ್ತೆಯ ಹುಡುಗ-ಹುಡುಗಿಯರನ್ನು ಒಂದು ಸಂತೆಯ ದಿನ, ಒಂದು ಸಾದಾ ದಿನ, ಊರಿನ ಕೂಡುರಸ್ತೆಯ ಸುರಕ್ಷಿತವಾದ ಕಟ್ಟೆಯ ಮೇಲೆ ಕೂಡ್ರಿಸಿ, ತಾಸಿಗೆ ಎಷ್ಟು ಬಸ್ಸು, ಎಷ್ಟು ಲಾರಿ, ಎಷ್ಟು ಟಂಟಂ, ಎಷ್ಟು ಮಂದಿ ಕಾಲ್ನಡಿಗೆಯವರು ದಾಟಿದರೆಂಬುದನ್ನು ಪಾಟಿಯ ಮೇಲೆ ಬರೆಯಿಸಿರಿ. ಗಣಿತದ ಪಾಠವೂ ಆದೀತು. ಆ ಅಂಕಿಗಳ ಒಂದು ಪ್ರತಿಯನ್ನು ನಿಮ್ಮ ವಾರ್ಡಿನ ಮೇಂಬರರಿಗೆ ಕೊಟ್ಟು, ಸಭೆಯಲ್ಲಿ ಓದಿಸಿರೆಂದು ಕೇಳಿರಿ. ಇನ್ನೊಂದು ಪ್ರತಿಯನ್ನು ನಮಗೆ ಕಳಿಸಿರಿ. ಬಂದವುಗಳನ್ನು ಊರಿನ ಹೆಸರಿನೊಡನೆ ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸುವೆವು. ಇಳಕಲ್ಲಿನ ಶಾಲೆಗಳವರು ಕುಷ್ಟಗಿಯ ಹಾದಿಯಿಂದ ಆರಂಭಿಸಬಹುದು.